ಒಂಬತ್ತು ಖಾಲಿ ಮನೆಗಳು



ಬೈಲಹೊಂಗಲದ ನಮ್ಮ ಮನೆಗೆ ಪ್ರತಿ ರವಿವಾರ ಸಂಜೆ ಏಳು ಗಂಟೆಗೆ ಒಂದು ಫೋನ್ ಬರುತ್ತದೆ. ಮಗ, ಸೊಸೆ, ಮೊಮ್ಮಗ ಇರುವುದು ಕೆನಡಾದ ಟೊರೊಂಟೊದಲ್ಲಿ. ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳು ಎಂದರೆ ಅಲ್ಲಿ ಬೆಳಗಿನ ಎಂಟೂವರೆ. ನಾನು ದೀಪ ಹಚ್ಚಿ, ಕನ್ನಡಕ ಒರೆಸಿಕೊಂಡು, ಫೋನನ್ನು ತಂಬಿಗೆಗೆ ಆನಿಸಿಟ್ಟು ಕೂಡುತ್ತೇನೆ. ಪರದೆಯ ಮೇಲೆ ಹನ್ನೆರಡು ವರ್ಷದ ಹುಡುಗ ನಿದ್ದೆಗಣ್ಣಲ್ಲಿ ಕಾಣಿಸಿಕೊಳ್ಳುತ್ತಾನೆ.

"ಊಟ ಆತೇನಪಾ?"

"ಇಲ್ಲ ಅಜ್ಜಾ, ಈಗ ನಾಷ್ಟಾ."

"ಸಾಲಿ ಹೆಂಗ ನಡದೈತಿ?"

"ಚೊಲೊ."

"ಥಂಡಿ ಭಾಳ ಐತೇನು?"

"ಹೂಂ, ಐತಿ."

ಅಷ್ಟೇ. ಮೂರು ಪ್ರಶ್ನೆ, ಮೂರು ಉತ್ತರ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುವುದು. ನನ್ನ ಹೆಂಡತಿಯಂತೂ ಅಡಿಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. "ಅವಂದು ಅರ್ಧಾ ಇಂಗ್ಲೀಷ. ನನಗೇನ ತಿಳಿತೈತಿ? ನೀವ ಮಾತಾಡ್ರಿ" ಎಂದು ಬಾಗಿಲಲ್ಲಿ ನಿಂತು ಹುಡುಗನ ಮುಖವನ್ನಷ್ಟೇ ನೋಡಿ ಒಳಗೆ ಹೋಗುತ್ತಿದ್ದಳು. ಮೊದಲು ಅರ್ಧ ತಾಸು ನಡೆಯುತ್ತಿದ್ದ ಫೋನು ಹತ್ತು ನಿಮಿಷಕ್ಕೆ ಬಂತು, ಹತ್ತು ಐದಾಯಿತು. ಮಾಸ್ತರಿಕೆ ಮಾಡಿ ಮೂವತ್ತು ವರ್ಷ ಮಕ್ಕಳೊಂದಿಗೆ ಮಾತಾಡಿದ ನನಗೆ ಸ್ವಂತ ಮೊಮ್ಮಗನ ಜೊತೆ ಆಡಲು ನಾಲ್ಕನೆಯ ಮಾತು ಸಿಗುತ್ತಿರಲಿಲ್ಲ.

ಈ ನಡುವೆ ಒಂದು ರವಿವಾರ ಅವನೇ ಒಂದು ಹಾಳೆ ಎತ್ತಿ ಹಿಡಿದ. "ಅಜ್ಜಾ, ಒಂದು ಆಟ ಆಡೋಣೇನು?"

ಹಾಳೆಯ ಮೇಲೆ ಮೂರು ಅಡ್ಡಸಾಲು, ಮೂರು ಉದ್ದಸಾಲು. ಒಟ್ಟು ಒಂಬತ್ತು ಮನೆ, ಒಂಬತ್ತೂ ಖಾಲಿ. ಎಡಗಡೆ ಮೂರು ಹೆಸರು: ಎಡ್ಮಂಟನ್, ಬೋಸ್ಟನ್, ವಾಷಿಂಗ್ಟನ್. ಮೇಲೆ ಮೂರು ಹೆಸರು: ಲಾಸ್ ಏಂಜಲೀಸ್, ನ್ಯೂಯಾರ್ಕ್ ರೇಂಜರ್ಸ್, ವ್ಯಾಂಕೂವರ್. ಎಲ್ಲವೂ ಐಸ್ ಹಾಕಿ ತಂಡಗಳು. ಪ್ರತಿ ಮನೆಯಲ್ಲೂ ಒಬ್ಬ ಆಟಗಾರನ ಹೆಸರು ಬರೆಯಬೇಕು. ಆತ ಎಡಗಡೆಯ ತಂಡಕ್ಕೂ ಆಡಿರಬೇಕು, ಮೇಲುಗಡೆಯ ತಂಡಕ್ಕೂ ಆಡಿರಬೇಕು.

ನಾನು ಕೈಯೆತ್ತಿದೆ. ನನಗೆ ಐಸ್ ಎಂದರೆ ಜಾತ್ರೆಯ ಬರ್ಫದ ಗಾಡಿ. ಹಾಕಿ ಎಂದರೆ ಧ್ಯಾನಚಂದ. ಎರಡೂ ಸೇರಿದರೆ ಏನಾಗುತ್ತದೆಂದು ಗೊತ್ತೇ ಇರಲಿಲ್ಲ. ಒಂಬತ್ತರಲ್ಲಿ ನನಗೆ ಸೊನ್ನೆ.

ಆದರೆ ಆಟದ ರೀತಿ ಮಾತ್ರ ಅಡಿಗೆಮನೆಯ ಬಾಗಿಲಲ್ಲಿ ನಿಂತವಳಿಗೆ ನನಗಿಂತ ಮೊದಲೇ ತಿಳಿಯಿತು. ಅವಳ ತವರು ರಾಮದುರ್ಗ ತಾಲ್ಲೂಕಿನ ಸುರೇಬಾನ ಕಡೆ. ಮನೆಯಲ್ಲಿ ಕೈಮಗ್ಗವಿತ್ತು. "ಇದರಾಗೇನೈತಿ? ಅಡ್ಡ ಬರೂದು ಹೊಕ್ಕು, ಉದ್ದ ಇರೂದು ಹಾಸು. ಎರಡೂ ಎಳಿ ಕೂಡಿದಲ್ಲಿ ಗಂಟು ಬೀಳತೈತಿ. ಒಂದ ಎಳಿ ತಪ್ಪಿದ್ರ ಅರಿವಿನ್ಯಾಗ ತೂತು" ಎಂದಳು. ಇಷ್ಟು ಚೆನ್ನಾಗಿ ನಾನೂ ವಿವರಿಸಲಾರೆ. ಎರಡು ಷರತ್ತುಗಳು ಕೂಡುವ ಜಾಗವೇ ಮನೆ. ಒಂದೇ ಷರತ್ತು ಹೊಂದಿದರೆ ಸಾಲದು.

ಈ ಬಗೆಯ ಆಟ ಬಹಳ ಹಳೆಯದಲ್ಲ. 2023ರಲ್ಲಿ ಅಮೆರಿಕದ ಬ್ರಯಾನ್ ಮಿಂಟರ್ ಎಂಬ ಸಾಫ್ಟ್‌ವೇರ್ ತಜ್ಞರು ಬೇಸ್‌ಬಾಲ್ ಆಟಗಾರರ ಹೆಸರಿನ ಇಂಥದೊಂದು ಚೌಕಳಿಯನ್ನು ಕಂಪ್ಯೂಟರಿನಲ್ಲಿ ಮಾಡಿದರು. ಹೆಸರು 'ಇಮ್ಯಾಕ್ಯುಲೇಟ್ ಗ್ರಿಡ್', ಅಂದರೆ ಒಂದೂ ಕಲೆಯಿಲ್ಲದ ಚೌಕಳಿ. ದಿನಕ್ಕೊಂದು ಚೌಕಳಿ, ಒಂಬತ್ತು ಮನೆಗೆ ಒಂಬತ್ತೇ ಅವಕಾಶ. ತಪ್ಪು ಹೇಳಿದರೆ ಒಂದು ಅವಕಾಶ ಹೋಯಿತು. ಒಬ್ಬ ಆಟಗಾರನ ಹೆಸರನ್ನು ಒಂದೇ ಮನೆಗೆ ಬಳಸಬೇಕು. ಜನ ಮೆಚ್ಚಿದರು, ಐಸ್ ಹಾಕಿಗೂ ಅದೇ ಬಗೆಯ ಚೌಕಳಿಗಳು ಬಂದವು. ನಮ್ಮ ಹುಡುಗ ಸಾಲೆಯ ಗೆಳೆಯರ ಜೊತೆ ಆಡುವುದು ಇದನ್ನೇ.

ಐಸ್ ಹಾಕಿ ಎಂದರೇನು ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಿರಬಹುದು. ನಾನೂ ಕೇಳಿದೆ. ಹುಡುಗ ಆ ದಿನ ಹತ್ತು ನಿಮಿಷ ಹೇಳಿದ. ಒಂದು ತಂಡದಲ್ಲಿ ಗೋಲಿ ಸೇರಿ ಆರು ಜನ ಮಂಜುಗಡ್ಡೆಯ ಅಂಗಳದಲ್ಲಿರುತ್ತಾರೆ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಚೆಂಡಿಲ್ಲ, ಬದಲಿಗೆ ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ ಗಟ್ಟಿ ರಬ್ಬರಿನ ಬಿಲ್ಲೆ, ಅದಕ್ಕೆ 'ಪಕ್' ಎನ್ನುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಪಾಳಿ. 1875ರ ಮಾರ್ಚ್ 3ರಂದು ಮಾಂಟ್ರಿಯಲ್ ನಗರದಲ್ಲಿ ಛಾವಣಿಯ ಕೆಳಗೆ ಮೊದಲ ಆಟ ನಡೆಯಿತಂತೆ. ಅಲ್ಲಿಯ ದೊಡ್ಡ ಪಂದ್ಯಾವಳಿಯಾದ ಎನ್‌ಎಚ್‌ಎಲ್ ಹುಟ್ಟಿದ್ದು 1917ರಲ್ಲಿ, ಅದೂ ಮಾಂಟ್ರಿಯಲ್‌ನಲ್ಲೇ. ನಮ್ಮ ದೇಶದಲ್ಲೂ ಈ ಆಟವಿದೆ, ಮಕ್ಕಳೇ. ಲಡಾಖಿನ ಲೇಹ್‌ದಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿದಾಗ ಹುಡುಗರೂ ಹುಡುಗಿಯರೂ ಆಡುತ್ತಾರೆ.

"ಈಗ ನೋಡು ಅಜ್ಜಾ" ಎಂದು ಅವನು ಒಂದೊಂದೇ ಮನೆ ತುಂಬಿದ. ಎಡ್ಮಂಟನ್ ಸಾಲು, ಲಾಸ್ ಏಂಜಲೀಸ್ ಕಂಬ: ವೇಯ್ನ್ ಗ್ರೆಟ್ಸ್ಕಿ. ಈತ ಕೆನಡಾದವರ ಧ್ಯಾನಚಂದ ಎಂದುಕೊಳ್ಳಿ. ಅಂಗಿಯ ಮೇಲಿನ ಅಂಕಿ 99. ಆ ಅಂಕಿಯನ್ನು ಇನ್ನು ಮೇಲೆ ಯಾವ ತಂಡದಲ್ಲೂ ಯಾರೂ ತೊಡಬಾರದೆಂದು ಎನ್‌ಎಚ್‌ಎಲ್ ತೆಗೆದಿರಿಸಿದೆ. ಆತ ಹೊಡೆದ 894 ಗೋಲುಗಳ ದಾಖಲೆಯನ್ನು ವಾಷಿಂಗ್ಟನ್ ತಂಡದ ಅಲೆಕ್ಸ್ ಒವೆಚ್ಕಿನ್ ಮುರಿದದ್ದು 2025ರ ಏಪ್ರಿಲ್‌ನಲ್ಲಿ.

ಪಕ್ಕದ ಮನೆ: ಎಡ್ಮಂಟನ್ ಸಾಲು, ನ್ಯೂಯಾರ್ಕ್ ಕಂಬ. ಗ್ರೆಟ್ಸ್ಕಿ ನ್ಯೂಯಾರ್ಕ್ ತಂಡಕ್ಕೂ ಆಡಿದ್ದಾನೆ. ಆದರೆ ಒಂದು ಹೆಸರು ಒಂದೇ ಸಲ. ಆದ್ದರಿಂದ ಇಲ್ಲಿ ಮಾರ್ಕ್ ಮೆಸ್ಸಿಯರ್ ಎಂಬಾತನನ್ನು ಹಾಕಬೇಕು. ಮೆಸ್ಸಿಯರ್ ವ್ಯಾಂಕೂವರಿಗೂ ಆಡಿದ್ದಾನೆ. ಅವನನ್ನು ನ್ಯೂಯಾರ್ಕಿಗೆ ಹಾಕಿದರೆ ವ್ಯಾಂಕೂವರಿಗೆ ಮತ್ತೊಬ್ಬನನ್ನು ಹುಡುಕಬೇಕು. ಇದು ಬರೀ ನೆನಪಿನ ಆಟವಲ್ಲ, ಲೆಕ್ಕಾಚಾರದ ಆಟ ಎಂದು ನನಗೆ ಆಗ ಹೊಳೆಯಿತು. ಪಗಡಿ ಆಡುವಾಗ ಯಾವ ಕಾಯಿ ಎಲ್ಲಿ ನಡೆಸಿದರೆ ಮುಂದೆ ಎಲ್ಲಿ ಸಿಕ್ಕಿಬೀಳುತ್ತೇವೆ ಎಂದು ನೋಡುವುದಿಲ್ಲವೇ, ಹಾಗೆ.

ಕೊನೆಗೆ ಒಂದು ಮನೆ ಅವನಿಗೂ ಉಳಿಯಿತು: ವಾಷಿಂಗ್ಟನ್ ಸಾಲು, ವ್ಯಾಂಕೂವರ್ ಕಂಬ. ನಾನು ಸುಮ್ಮನೆ, ಮಾತು ಮುಗಿಯಬಾರದೆಂದು, ಕೇಳಿದೆ: "ನಮ್ಮ ಕಡಿಯವ್ರು ಯಾರರ ಈ ಆಟಾ ಆಡ್ಯಾರೇನೋ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. "ಗೊತ್ತಿಲ್ಲ ಅಜ್ಜಾ. ನೋಡಿ ಹೇಳತೀನಿ."

ಗಡಿಯಾರ ನೋಡಿದೆ. ನಲವತ್ತು ನಿಮಿಷ ಮಾತಾಡಿದ್ದೆವು.

ಮುಂದಿನ ರವಿವಾರ ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಫೋನ್ ಬಂತು. "ಅಜ್ಜಾ! ರಾಬಿನ್ ಬಾವಾ!"

ರಾಬಿನ್ ಬಾವಾ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಹುಟ್ಟಿದ ಸಿಖ್ ಮನೆತನದ ಹುಡುಗ. ಎನ್‌ಎಚ್‌ಎಲ್ ಅಂಗಳಕ್ಕೆ ಇಳಿದ ಭಾರತೀಯ ಮೂಲದ ಮೊದಲ ಆಟಗಾರ. 1989ರಲ್ಲಿ ಮೊದಲು ಆಡಿದ್ದು ವಾಷಿಂಗ್ಟನ್ ತಂಡಕ್ಕೆ. ಆಮೇಲೆ ಸೇರಿದ ತಂಡಗಳಲ್ಲಿ ವ್ಯಾಂಕೂವರ್ ಒಂದು. ಆಡಿದ್ದು ಒಟ್ಟು 61 ಪಂದ್ಯ. ದೊಡ್ಡ ದಾಖಲೆಯೇನೂ ಇಲ್ಲ. ಆದರೆ ನಮ್ಮ ಖಾಲಿ ಮನೆಗೆ ಸರಿಯಾಗಿ ಕೂತ.

ಇಲ್ಲಿ ಈ ಆಟದ ಇನ್ನೊಂದು ಗುಟ್ಟು ಹೇಳಬೇಕು. ಕಂಪ್ಯೂಟರಿನಲ್ಲಿ ಆಡುವಾಗ ಸರಿ ಉತ್ತರ ಕೊಟ್ಟರಷ್ಟೇ ಮುಗಿಯಲಿಲ್ಲ. ಅದೇ ಉತ್ತರವನ್ನು ನೂರರಲ್ಲಿ ಎಷ್ಟು ಜನ ಕೊಟ್ಟಿದ್ದಾರೆ ಎಂದು ಯಂತ್ರ ಎಣಿಸುತ್ತದೆ. ಆ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಖಾಲಿ ಬಿಟ್ಟ ಮನೆಗೆ ಪೂರಾ ನೂರು ಬೀಳುತ್ತದೆ. ಒಂಬತ್ತೂ ಖಾಲಿ ಬಿಟ್ಟವನಿಗೆ ಒಂಬೈನೂರು. ಎಲ್ಲರಿಗೂ ಗೊತ್ತಿರುವ ಗ್ರೆಟ್ಸ್ಕಿಯನ್ನು ಬರೆದರೆ ಹೆಚ್ಚು ಲಾಭವಿಲ್ಲ. ಯಾರಿಗೂ ನೆನಪಾಗದ ಬಾವಾನನ್ನು ಬರೆದವನು ಗೆದ್ದ. ಎಷ್ಟು ಜನ ಮರೆತಿದ್ದಾರೋ ಅಷ್ಟು ಬೆಲೆ, ನೆನಪಿಟ್ಟುಕೊಂಡವನಿಗೆ.

"ನಮ್ಮ ಕ್ಲಾಸಿನ್ಯಾಗ ಯಾರಿಗೂ ಗೊತ್ತಿರ್ಲಿಲ್ಲ ಅಜ್ಜಾ. ನೀ ಕೇಳಿದ್ದಕ್ಕ ನನಗ ಸಿಕ್ಕಿತು" ಎಂದ. ಸೊನ್ನೆ ತೆಗೆದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೇ?

ಸಾಲ ತೀರಿಸಬೇಕಲ್ಲ! ಆ ವಾರ ನಾನೂ ಒಂದು ಚೌಕಳಿ ಬರೆದೆ. ಹುಲ್ಲಿನ ಅಂಗಳದ ನಮ್ಮ ಹಾಕಿ. ಎಡಗಡೆ ಎರಡೇ ಊರು: ಬೆಳಗಾವಿ, ಕೊಡಗು. ಮೇಲೆ ಮೂರು ಷರತ್ತು: ಒಲಿಂಪಿಕ್ ಚಿನ್ನ ಗೆದ್ದವರು, ಗೋಲಿಯಾಗಿದ್ದವರು, ಭಾರತದ ನಾಯಕರಾಗಿದ್ದವರು. ಆರು ಮನೆ.

ಕೊಡಗಿನ ಸಾಲು ತುಂಬುವುದು ಸುಲಭ. ಚಿನ್ನಕ್ಕೆ 1980ರ ಮಾಸ್ಕೋ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಗೋಲಿಗೆ ಎ.ಬಿ. ಸುಬ್ಬಯ್ಯ, ನಾಯಕನಿಗೆ ಎಂ.ಪಿ. ಗಣೇಶ್. ಸೋಮಯ್ಯನವರೂ ನಾಯಕರಾಗಿದ್ದರು; ಆದರೆ ಅವರನ್ನು ಚಿನ್ನದ ಮನೆಗೆ ಬಳಸಿಬಿಟ್ಟೆವು. ಗ್ರೆಟ್ಸ್ಕಿಯ ತೊಡಕೇ ಇಲ್ಲಿಯೂ.

ಬೆಳಗಾವಿಯ ಸಾಲಿಗೆ ಬಂದಾಗ ಜಗಳ ಶುರುವಾಯಿತು. ಚಿನ್ನದ ಮನೆಗೆ ಬಂಡು ಪಾಟೀಲ, 1964ರ ಟೋಕಿಯೊ ತಂಡದವರು. ಗೋಲಿಯ ಮನೆಗೆ ನಾನು ಬರೆದದ್ದು ಶಂಕರ ಲಕ್ಷ್ಮಣ. 1956ರಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ, 1964ರಲ್ಲಿ ಮತ್ತೆ ಚಿನ್ನ ಗೆದ್ದ ತಂಡಗಳ ಗೋಲಿ. ಟೋಕಿಯೊದ ಫೈನಲ್ಲಿನಲ್ಲಿ ಪಾಕಿಸ್ತಾನಕ್ಕೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಭಾರತ ಒಂದು ಗೋಲಿನಿಂದ ಗೆದ್ದಿತು. ಹುಡುಗ ಅಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ನೋಡಿದ. "ಅಜ್ಜಾ, ಇವರು ಹುಟ್ಟಿದ್ದು ಮಧ್ಯಪ್ರದೇಶದ ಮಹೂದಾಗ. ಬೆಳಗಾವಿ ಅಲ್ಲ. ಔಟ್!"

"ಹುಟ್ಟಿದ್ದು ಅಲ್ಲಿ ಖರೆ. ಆದ್ರ ದುಡದದ್ದು ಸೈನ್ಯದ ಮರಾಠಾ ಲಘು ಪದಾತಿ ದಳದಾಗ. ಆ ದಳದ ಕೇಂದ್ರ ಎಲ್ಲೈತಿ? ಬೆಳಗಾವ್ಯಾಗ."

"ಹಂಗಂದ್ರ ನೀ ಮೊದಲ ಹೇಳಬೇಕಿತ್ತು, ಹುಟ್ಟಿದ ಊರೋ, ಕೆಲಸಾ ಮಾಡಿದ ಊರೋ ಅಂತ."

ನ್ಯಾಯವಾದ ಮಾತು. ಚೌಕಳಿ ಬರೆಯುವವನು ಷರತ್ತನ್ನು ಸ್ಪಷ್ಟವಾಗಿ ಬರೆಯಬೇಕು. ಇಲ್ಲದಿದ್ದರೆ ಆಡುವವರು ಜಗಳಾಡುತ್ತಾರೆ. ಇದು ಚೌಕಳಿಗೆ ಮಾತ್ರವಲ್ಲ, ಪರೀಕ್ಷೆಯ ಪ್ರಶ್ನೆಪತ್ರಿಕೆಗೂ, ಮನೆಯ ಮಾತಿಗೂ ಸಲ್ಲುವ ಪಾಠ. 'ಬೆಳಗಾವಿಯ ನಂಟು ಇದ್ದವರು' ಎಂದು ತಿದ್ದಿ ಬರೆದೆ. ಹುಡುಗ ಒಪ್ಪಿದ. ಆದರೂ ನಾಯಕನ ಮನೆ ಖಾಲಿ ಉಳಿಯಿತು. 1966ರ ಏಷ್ಯನ್ ಗೇಮ್ಸ್ ಗೆದ್ದ ತಂಡದ ನಾಯಕ ಶಂಕರ ಲಕ್ಷ್ಮಣರೇ; ಆದರೆ ಅವರನ್ನು ಗೋಲಿಯ ಮನೆಗೆ ಖರ್ಚು ಮಾಡಿದ್ದೆ. ನನ್ನ ಚೌಕಳಿಯಲ್ಲಿ ನಾನೇ ಸಿಕ್ಕಿಬಿದ್ದೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವನು ನಗುವಾಗ ನಾನೊಂದು ಸಂಗತಿ ಹೇಳಿದೆ. ಟೋಕಿಯೊದ ಆ ಫೈನಲ್ ನಡೆದದ್ದು 1964ರ ಅಕ್ಟೋಬರ್ 23ರಂದು. ಅದಕ್ಕಿಂತ ಸರಿಯಾಗಿ 140 ವರ್ಷ ಹಿಂದೆ, 1824ರ ಅಕ್ಟೋಬರ್ 23ರಂದು, ನಮ್ಮಿಂದ ಹೆಚ್ಚು ದೂರವಿಲ್ಲದ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ದಂಡು ಬ್ರಿಟಿಷರನ್ನು ಸೋಲಿಸಿತ್ತು. ಕಲೆಕ್ಟರ್ ಥ್ಯಾಕರೆ ಸತ್ತದ್ದು ಆ ಕಾಳಗದಲ್ಲೇ. ಈಗಲೂ ಅದೇ ದಿನ ಕಿತ್ತೂರು ಉತ್ಸವ ಆರಂಭವಾಗುತ್ತದೆ.

"ಕಿತ್ತೂರು ನಾ ನೋಡೀನಿ" ಎಂದ ಹುಡುಗ. "ಹೋದ ಸಲ ಬಂದಾಗ. ದೊಡ್ಡ ಗೋಡೆ ಇತ್ತು."

ಅಷ್ಟು ಸಾಕಿತ್ತು. ಮುಂದಿನ ವಾರದ ಚೌಕಳಿ ಯಾವುದೆಂದು ನನಗೆ ಗೊತ್ತಾಯಿತು.

ಎಡಗಡೆ ನಾಲ್ಕು ಸಾಲು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮೇಲೆ ಮೂರು ಕಂಬ: ಒಂದು ಕೋಟೆ, ಮಲಪ್ರಭಾ ದಂಡೆಯ ಒಂದು ಜಾಗ, ಒಬ್ಬ ಹೆಣ್ಣುಮಗಳ ಹೆಸರು. ಹನ್ನೆರಡು ಮನೆ. ಈ ಸಲ ಷರತ್ತನ್ನೂ ಬರೆದೆ: ತಾಲ್ಲೂಕಿನ ಗಡಿ ಇವತ್ತಿನದು. ಏಕೆಂದರೆ ಕಿತ್ತೂರು ಬೈಲಹೊಂಗಲದಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಬೈಲಹೊಂಗಲದ ಹಳೆಯ ಕಾಗದಪತ್ರಗಳಲ್ಲಿ ಸಂಪಗಾಂವ ತಾಲ್ಲೂಕು ಎಂದಿರುತ್ತದೆ, ಸವದತ್ತಿಯದರಲ್ಲಿ ಪರಸಗಡ ತಾಲ್ಲೂಕು ಎಂದಿರುತ್ತದೆ. ರಾಮದುರ್ಗವಂತೂ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಇದನ್ನು ಹೇಳಿದಾಗ ಹುಡುಗ, "ಹಾಕಿ ತಂಡಾನೂ ಹಂಗ ಅಜ್ಜಾ. ಕ್ವಿಬೆಕ್ ತಂಡ 1995ರಾಗ ಕೊಲೊರಾಡೊಕ್ಕ ಹೋಗಿ ಹೆಸರ ಬದಲಾತು" ಎಂದ. ನನಗೆ ಅವನು, ಅವನಿಗೆ ನಾನು ಮಾಸ್ತರ.

ಕೋಟೆಯ ಕಂಬ. ಕಿತ್ತೂರು ಕೋಟೆ ಅವನೇ ತುಂಬಿದ. ಸವದತ್ತಿಗೆ ನಾನು ಸುಳಿವು ಕೊಟ್ಟೆ: ಊರ ನಡುವಿನ ಗುಡ್ಡದ ಮೇಲೆ ಸಿರಸಂಗಿ ದೇಸಾಯರು ಕಟ್ಟಿಸಿದ ಸವದತ್ತಿ ಕೋಟೆ. ರಾಮದುರ್ಗಕ್ಕೆ ಎರಡು ಉತ್ತರವುಂಟು, ರಾಮದುರ್ಗದ ಕೋಟೆ ಮತ್ತು ತೊರಗಲ್ಲ ಕೋಟೆ. ಎಲ್ಲರೂ ಮೊದಲನೆಯದನ್ನು ಬರೆಯುತ್ತಾರೆ. ಎರಡನೆಯದನ್ನು ಬರೆದವನೇ ಜಾಣ. ಬೈಲಹೊಂಗಲಕ್ಕೆ? ಬ್ರಿಟಿಷರು ಚೆನ್ನಮ್ಮನನ್ನು ಸೆರೆಯಿಟ್ಟ ಬೈಲಹೊಂಗಲದ ಕೋಟೆ.

ಮಲಪ್ರಭೆಯ ಕಂಬ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಈ ನದಿ ನಮ್ಮ ನಾಲ್ಕೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಬೈಲಹೊಂಗಲಕ್ಕೆ ಸಂಗೊಳ್ಳಿ, ರಾಯಣ್ಣನ ಊರು. ಕಿತ್ತೂರಿಗೆ ಎಂ.ಕೆ. ಹುಬ್ಬಳ್ಳಿ. ಸವದತ್ತಿಗೆ ನವಿಲುತೀರ್ಥದ ಅಣೆಕಟ್ಟು. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಅಲ್ಲಿಯ ನೀರನ್ನೇ. ರಾಮದುರ್ಗಕ್ಕೆ ರಾಮದುರ್ಗ ಪಟ್ಟಣವೇ ಸಾಕು.

ಉಳಿದದ್ದು ಹೆಣ್ಣುಮಕ್ಕಳ ಕಂಬ. ಸವದತ್ತಿಗೆ ಯಲ್ಲಮ್ಮ ಎಂದು ಹುಡುಗ ಥಟ್ಟನೆ ಹೇಳಿದ; ಗುಡ್ಡಕ್ಕೆ ಅವನ ಅಪ್ಪ ಕರೆದೊಯ್ದಿದ್ದ. ಬೈಲಹೊಂಗಲಕ್ಕೆ ಚೆನ್ನಮ್ಮ, ಕಿತ್ತೂರಿಗೆ ಚೆನ್ನಮ್ಮ ಎಂದ. ಎರಡೂ ನಿಜವೇ. ಆಳಿದ್ದು ಕಿತ್ತೂರಿನಲ್ಲಿ, 1829ರಲ್ಲಿ ಸೆರೆಯಲ್ಲೇ ತೀರಿಕೊಂಡದ್ದು, ಸಮಾಧಿಯಿರುವುದು ಬೈಲಹೊಂಗಲದಲ್ಲಿ.

"ನಡಿಯಂಗಿಲ್ಲಪಾ. ಒಂದ ಹೆಸರು ಒಂದ ಸಲ ಅಂತ ನೀನ ಹೇಳಿದ್ದಿ" ಎಂದೆ.

ಹುಡುಗ ತಲೆ ಕೆರೆದುಕೊಂಡ. ನಾನೂ ತಲೆ ಕೆರೆದುಕೊಂಡೆ. ಆಗ ಅಡಿಗೆಮನೆಯ ಬಾಗಿಲಿಂದ ಧ್ವನಿ ಬಂತು.

"ಚೆನ್ನಮ್ಮನ್ನ ಕಿತ್ತೂರಿಗೆ ಇಡ್ರಿ. ಬೈಲಹೊಂಗಲಕ್ಕ ಬೆಳವಡಿ ಮಲ್ಲಮ್ಮ ಅದಾಳಲ್ಲ!"

ನಾನು ಹಣೆ ಬಡಿದುಕೊಂಡೆ. ಬೆಳವಡಿ ನಮ್ಮದೇ ತಾಲ್ಲೂಕು. 17ನೇ ಶತಮಾನದಲ್ಲಿ ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದವಳೆಂದು ಮಲ್ಲಮ್ಮನ ಹೆಸರನ್ನು ಇಂದಿಗೂ ಹೇಳುತ್ತಾರೆ.

"ಇಲ್ಲಾಂದ್ರ ಚೆನ್ನಮ್ಮನ್ನ ಬೈಲಹೊಂಗಲಕ್ಕ ಇಟ್ಟು ಕಿತ್ತೂರಿಗೆ ಗಂಗಾಂಬಿಕಾ ಅಂತ ಬರೀರಿ. ಎಂ.ಕೆ. ಹುಬ್ಬಳ್ಳಿ ಹೊಳ್ಯಾಗ ಆಕಿ ಐಕ್ಯ ಮಂಟಪ ಇಲ್ಲೇನು?" ಬಸವಣ್ಣನವರ ಮಡದಿ ಗಂಗಾಂಬಿಕೆ. ಆ ಊರನ್ನು ನದಿಯ ಕಂಬಕ್ಕೆ ಬರೆದ ನನಗೆ ಅವಳ ನೆನಪಾಗಿರಲಿಲ್ಲ.

ಹುಡುಗ ಪರದೆಗೆ ಮುಖ ಹತ್ತಿರ ತಂದ. "ಯಾರದು? ಆಯಿನಾ? ಆಯಿ, ನೀ ಇಲ್ಲಿ ಬಾ!"

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತಳು. ಎಷ್ಟೋ ತಿಂಗಳ ಮೇಲೆ ಫೋನಿನ ಎದುರಿಗೆ ಕೂತದ್ದು. ಕೊನೆಯ ಮನೆ ಅವಳದೇ ತಾಲ್ಲೂಕು: ರಾಮದುರ್ಗ ಸಾಲು, ಹೆಣ್ಣುಮಗಳ ಕಂಬ.

"ಇದು ನಮ್ಮೂರಿಂದು. ಶಬರಿ" ಎಂದಳು. "ಸುರೇಬಾನ ಹತ್ರ ಶಬರಿಕೊಳ್ಳ ಐತಿ. ಶಬರಿ ಅಲ್ಲೇ ಇದ್ಲಂತ. ರಾಮ ಬರತಾನ ಅಂತ ದಿನಾ ದಾರಿ ಉಡಗತಿದ್ಲು. ಬಾರಿಹಣ್ಣು ಆರಿಸಿ ಇಡತಿದ್ಲು. ನಾವು ಸಣ್ಣವರಿದ್ದಾಗ ನಡಕೋತ ಹೋಗತಿದ್ವಿ, ಬುತ್ತಿ ಕಟಗೊಂಡು."

ಅವಳು ಒಂದೂ ಇಂಗ್ಲೀಷ್ ಮಾತಿಲ್ಲದೆ ಹೇಳುತ್ತಿದ್ದಳು. ಅವನು ನಡುನಡುವೆ ನಿಲ್ಲಿಸಿ ಕೇಳುತ್ತಿದ್ದ. "ಉಡಗೂದು ಅಂದ್ರ?" "ಕಸಬರಗಿ ತಗೊಂಡು ಕಸಾ ಹೊಡಿಯೂದಪಾ." "ಬಾರಿಹಣ್ಣು ಅಂದ್ರ?" ಅವಳು ಒಳಗೆ ಹೋಗಿ ಒಂದು ಹಿಡಿ ತಂದು ಫೋನಿಗೆ ತೋರಿಸಿದಳು. ಚಳಿಗಾಲವಲ್ಲವೇ, ಸಂತೆಗೆ ಬಂದಿದ್ದವು.

"ಆಕಿ ಎಷ್ಟು ದಿನಾ ಕಾದ್ಲು ಆಯಿ?"

"ಬರೂತನಕ ಕಾದ್ಲು."

ಹುಡುಗ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಹಾಳೆ ಎತ್ತಿ ತೋರಿಸಿದ. ಉಳಿದ ಮನೆಗಳನ್ನೆಲ್ಲ ಇಂಗ್ಲೀಷ್ ಅಕ್ಷರದಲ್ಲಿ ತುಂಬಿದ್ದ. ಕೊನೆಯ ಮನೆಯಲ್ಲಿ ಮಾತ್ರ ಕನ್ನಡದಲ್ಲಿ, ದೊಡ್ಡದಾಗಿ, 'ಸಬರಿ' ಎಂದಿತ್ತು. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ನನ್ನ ಕೈ ಕೆಂಪು ಪೆನ್ನಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನ ರವಿವಾರ ಅವನೇ ತಿದ್ದಿಕೊಂಡು ಬಂದ.

ಈಗ ನಮ್ಮ ಮನೆಯಲ್ಲಿ ಫೋನು ಮೊದಲು ಹಿಡಿಯುವುದು ನಾನಲ್ಲ.

ಮಕ್ಕಳೇ, ಈ ರಜೆಯಲ್ಲಿ ನೀವೂ ಒಂದು ಚೌಕಳಿ ಬರೆಯಿರಿ. ಕಂಪ್ಯೂಟರ್ ಬೇಡ, ಪಾಟಿ ಸಾಕು. ನಮ್ಮ ಮನೆಯ ನಿಯಮ ಇಷ್ಟೇ:

ಒಂದು, ಎಡಗಡೆ ಮೂರು ಊರು ಅಥವಾ ಮೂರು ಮನೆತನ ಬರೆಯಿರಿ. ಮೇಲೆ ಮೂರು ಷರತ್ತು ಬರೆಯಿರಿ. ಷರತ್ತು ಸ್ಪಷ್ಟವಾಗಿರಲಿ.

ಎರಡು, ಒಂದು ಹೆಸರು ಒಂದೇ ಮನೆಗೆ.

ಮೂರು, ಸರಿ ಉತ್ತರಕ್ಕೆ ಒಂದು ಅಂಕ. ಎದುರಿನವರಿಗೆ ಗೊತ್ತಿಲ್ಲದ ಸರಿ ಉತ್ತರಕ್ಕೆ ಎರಡು.

ನಾಲ್ಕು, ಇದು ಮುಖ್ಯ: ಚೌಕಳಿ ಬರೆಯುವವರು ಒಂದು ವಾರ ಮೊಮ್ಮಕ್ಕಳು, ಮರುವಾರ ಅಜ್ಜ-ಅಜ್ಜಿ. ಒಬ್ಬರೇ ಕೇಳುತ್ತ ಹೋದರೆ ಅದು ಪರೀಕ್ಷೆಯಾಗುತ್ತದೆ. ಇಬ್ಬರೂ ಸೋಲಬೇಕು, ಆಗಲೇ ಆಟ.

ಹಿರಿಯರೇ, ನಿಮಗೂ ಒಂದು ಮಾತು. ಮೊಮ್ಮಕ್ಕಳು ಹೇಳುವ ತಂಡಗಳ ಹೆಸರು, ಆಟಗಾರರ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲವೆಂದು ಸುಮ್ಮನಾಗಬೇಡಿ. ಸೊನ್ನೆ ತೆಗೆಯಲು ನಾಚಬೇಡಿ. ನಾನು ಆ ದಿನ ಒಂಬತ್ತು ಮನೆ ಖಾಲಿ ಬಿಟ್ಟದ್ದಕ್ಕೇ ಅವನು ತುಂಬಿ ತೋರಿಸಿದ.

ಕೊನೆಯದಾಗಿ, ನಿಮ್ಮೆಲ್ಲರಿಗೂ ಒಂದು ಖಾಲಿ ಮನೆ. ಸಾಲು: ಸವದತ್ತಿ ತಾಲ್ಲೂಕು. ಕಂಬ: ತಮ್ಮ ಆಸ್ತಿಯನ್ನು ಮಕ್ಕಳ ಓದಿಗಾಗಿ ಬರೆದಿಟ್ಟವರು. ಸುಳಿವು ಎರಡು: ಅವರು ತೀರಿಕೊಂಡದ್ದು 1906ರಲ್ಲಿ, ಬೆಳಗಾವಿಯ ಒಂದು ಕಾಲೇಜು ಇಂದಿಗೂ ಅವರ ಹೆಸರಿನಲ್ಲಿದೆ. ಮೂರನೆಯ ಸುಳಿವು ಈ ಬರೆಹದಲ್ಲೇ ಎಲ್ಲೋ ಇದೆ. ಸಿಗದಿದ್ದರೆ ಫೋನಿನಲ್ಲಿ ಹುಡುಕಬೇಡಿ. ಮೊದಲು ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಉತ್ತರ ಮುಂದಿನ ವಾರ.